ಹಾಡಿನ ಪುಸ್ತಕ ಯಾವ ಕಪಾಟಿನದು?

ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಪುಸ್ತಕಗಳಿಗೆ ಎರಡು ವಾಸಸ್ಥಾನ. ಒಂದು ನಡುಮನೆಯ ಗಾಜಿನ ಕಪಾಟು. ಬಂದವರಿಗೆ ಕಾಣುವಂತೆ ಅಲ್ಲಿ ಕಾದಂಬರಿಗಳು, ಮಹಾಭಾರತದ ಸಂಪುಟಗಳು, ಮಕ್ಕಳಿಗೆ ಬಹುಮಾನವಾಗಿ ಬಂದ ಪುಸ್ತಕಗಳು ಬೆನ್ನು ತೋರಿಸಿ ನಿಂತಿರುತ್ತವೆ. ಇನ್ನೊಂದು ದೇವರಮನೆಯ ಗೂಡು, ಇಲ್ಲವೆ ಅಡುಗೆಮನೆಯ ಅಟ್ಟದ ಹಲಗೆ. ಅಲ್ಲಿ ಹಳೆಯ ಪಂಚಾಂಗ, ವ್ರತಕಥೆಗಳ ಜೊತೆಗೆ, ಕುಂಕುಮದ ಕೈ ತಾಗಿ ಕೆಂಪಾದ, ಎಣ್ಣೆಯ ಕಲೆ ಹಿಡಿದ, ರಕ್ಷಾಪುಟ ಕಳೆದುಕೊಂಡ ಸಣ್ಣ ಸಣ್ಣ ಹಾಡಿನ ಪುಸ್ತಕಗಳು ಹಳೆಯ ರವಿಕೆ ಬಟ್ಟೆಯ ಗಂಟಿನಲ್ಲಿ ಮಲಗಿರುತ್ತವೆ. "ನಿಮ್ಮ ಮನೇಲಿ ಎಷ್ಟು ಪುಸ್ತಕ ಇದೆ?" ಎಂದು ಯಾರಾದರೂ ಕೇಳಿದರೆ ನಾವು ಲೆಕ್ಕ ಹಾಕುವುದು ಮೊದಲನೆಯ ಜಾಗದ್ದನ್ನು ಮಾತ್ರ. ಎರಡನೆಯ ಜಾಗದಲ್ಲಿರುವುದೂ ಪುಸ್ತಕವೇ ಎಂದು ಮನೆಯ ಗಂಡಸರಿಗಿರಲಿ, ಅದನ್ನು ಬಳಸುವ ಹೆಂಗಸರಿಗೂ ಅನ್ನಿಸುವುದಿಲ್ಲ.

ನಾನು ಬರೆಯಹೊರಟಿರುವುದು ಈ ಎರಡನೆಯ ಜಾಗದ ಪುಸ್ತಕಗಳ ಬಗ್ಗೆ. ಅವುಗಳನ್ನು ಹೇಗೆ ಕೂಡಿಡಬೇಕು ಎನ್ನುವುದಕ್ಕಿಂತ ಹೆಚ್ಚಾಗಿ, ಕೂಡಿಟ್ಟವರು ಮತ್ತು ಪಟ್ಟಿ ಮಾಡಿದವರು ಇದುವರೆಗೆ ಯಾವ ಪ್ರಶ್ನೆ ಕೇಳುತ್ತ ಬಂದರು, ಆ ಪ್ರಶ್ನೆಯಿಂದಾಗಿ ಏನೇನು ಪಟ್ಟಿಯ ಹೊರಗೇ ಉಳಿಯಿತು ಎನ್ನುವುದರ ಬಗ್ಗೆ.

ಮೊದಲು ಇವು ಯಾವುವು ಎಂದು ನೋಡೋಣ. ಅಂಗೈಗಿಂತ ಸ್ವಲ್ಪ ದೊಡ್ಡದು. ಹದಿನಾರು ಪುಟ, ಹೆಚ್ಚೆಂದರೆ ಮೂವತ್ತೆರಡು. ನಡುವೆ ಎರಡು ಪಿನ್ನು. ಹಳದಿ ಅಥವಾ ಗುಲಾಬಿ ತೆಳುಕಾಗದದ ಹೊದಿಕೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಉರುಟಣೆ ಹಾಡು, ಬೀಗರ ಹಾಡು ಎಲ್ಲ ಸೇರಿದ 'ಸಂಪ್ರದಾಯದ ಹಾಡುಗಳು' ಒಂದು ಬಗೆ. ವಾದಿರಾಜರ ಲಕ್ಷ್ಮೀ ಶೋಭಾನೆ, ಹೆಳವನಕಟ್ಟೆ ಗಿರಿಯಮ್ಮನ ಚಂದ್ರಹಾಸನ ಕಥೆ, ದಾಸರ ಪದಗಳು ಇನ್ನೊಂದು ಬಗೆ. ಜಾತ್ರೆಯಲ್ಲಿ ಗೋಣಿ ಹಾಸಿ ಮಾರುವ ತತ್ವಪದ, ಲಾವಣಿಯ ಪುಸ್ತಕಗಳು ಮತ್ತೊಂದು. ಕಂಪನಿ ನಾಟಕದ ಹಾಡುಗಳು ಇವೆ. 1934ರಲ್ಲಿ 'ಸತಿ ಸುಲೋಚನ' ಬಂದು ಕನ್ನಡ ಚಿತ್ರ ಮಾತಾಡಲು ಶುರುವಾದ ಮೇಲೆ ಟಾಕೀಸಿನ ಬಾಗಿಲಲ್ಲಿ ಮಾರಾಟವಾದ ಸಿನಿಮಾ ಹಾಡಿನ ಪುಸ್ತಕಗಳಿವೆ. ಅವುಗಳಲ್ಲಿ ಅರ್ಧ ಕಥೆ ಹೇಳಿ, ಮಿಕ್ಕಿದ್ದನ್ನು ಪರದೆಯ ಮೇಲೆ ನೋಡಿ ಎಂದು ಕೈಬಿಡುವ ಜಾಣತನ ನಮ್ಮಲ್ಲಿ ಹಲವರಿಗೆ ನೆನಪಿರಬೇಕು.

ಪುಸ್ತಕವೂ ಅಲ್ಲದ ಬಿಡಿ ಹಾಳೆಗಳದು ಇನ್ನೊಂದು ಲೋಕ. ಮದುವೆಯಲ್ಲಿ ಹಂಚುತ್ತಿದ್ದ ಮಂಗಳಗೀತೆ. ಉತ್ತರ ಕರ್ನಾಟಕದ ಕಡೆ ವಧೂವರರ ಅಜ್ಜ ಅಜ್ಜಿ, ಸೋದರಮಾವಂದಿರ ಹೆಸರನ್ನೆಲ್ಲ ಹೆಣೆದು ಅಚ್ಚು ಹಾಕಿಸುತ್ತಿದ್ದ ಮಂಗಲಾಷ್ಟಕ. ವರ್ಗವಾಗಿ ಹೋಗುವ ಮೇಷ್ಟ್ರಿಗೆ ಪದ್ಯದಲ್ಲಿ ಬರೆದು ಚೌಕಟ್ಟು ಹಾಕಿಸಿ ಕೊಡುತ್ತಿದ್ದ ಬಿನ್ನವತ್ತಳೆ. ಊರಿನ ಕನ್ನಡ ಪಂಡಿತರೋ, ಸ್ವಲ್ಪ ಕವಿತ್ವವಿದ್ದ ಶಾನುಭೋಗರೋ ಬರೆದದ್ದು. ನೂರು ಪ್ರತಿ ಅಚ್ಚಾಗಿ, ಒಂದು ಸಂಜೆಯಲ್ಲಿ ಹಂಚಿ ಮುಗಿದು, ಮರುದಿನ ಲಾಡು ಕಟ್ಟಲು ಬಳಕೆಯಾದ ಕವಿತೆಗಳಿವು.

ಹೀಗೆ ನೋಡಿದರೆ ಸಣ್ಣ ಊರುಗಳಲ್ಲಿ ಅಚ್ಚಿನ ಕನ್ನಡ ಮನೆಯೊಳಗೆ ಬಂದದ್ದು ಬಹುಮಟ್ಟಿಗೆ ಈ ದಾರಿಯಿಂದ. ನಮ್ಮ ಅಜ್ಜಿಯರ ಪೈಕಿ ಎಷ್ಟೋ ಮಂದಿ ತಮ್ಮ ಕೈಕಾಸಿನಿಂದ ಕೊಂಡ ಮೊದಲ ಪುಸ್ತಕ ಕಾದಂಬರಿಯಾಗಿರಲಿಲ್ಲ. ತೇರಿನ ದಿನ ಬಳೆ, ಬೆಂಡು-ಬತ್ತಾಸಿನ ಜೊತೆ ಕೊಂಡ ಎರಡಾಣೆಯ ಹಾಡಿನ ಪುಸ್ತಕವಾಗಿತ್ತು. ಕನ್ನಡ ಹೆಂಗಸರ ಓದಿನ ಚರಿತ್ರೆಯನ್ನು ಬರೆಯುವವರು ತ್ರಿವೇಣಿಯವರಿಂದಲೋ ಎಂ.ಕೆ. ಇಂದಿರಾ ಅವರಿಂದಲೋ ಹೊರಟರೆ, ಅದಕ್ಕೂ ಹಿಂದೆ ಎಷ್ಟೋ ವರ್ಷಗಳ ಓದನ್ನು ಬಿಟ್ಟು ಹೊರಟಂತೆಯೇ.

ಆದರೆ ಈ ಓದಿಗೆ ಸಾಕ್ಷಿ ಎಲ್ಲಿದೆ? ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಊರಿನ ಗ್ರಂಥಾಲಯದಲ್ಲಿ ಹಳೆಯ ಆರತಿ ಹಾಡಿನ ಪುಸ್ತಕಗಳಿವೆಯೇ ಎಂದು ವಿಚಾರಿಸಿದ್ದೆ. ಅಲ್ಲಿದ್ದವರು ಮರ್ಯಾದೆಯಿಂದಲೇ "ಕರ್ತೃ ಯಾರು ಹೇಳಿ ಮೇಡಂ, ಹುಡುಕೋಣ" ಎಂದರು. ಕರ್ತೃ ಗೊತ್ತಿಲ್ಲ ಎಂದೆ. "ಪ್ರಕಾಶಕರು?" ಯಾವುದೋ ಬುಕ್ ಡಿಪೋ. "ವರ್ಷ?" ಹಾಕಿಲ್ಲ. ಅವರು ನಕ್ಕು, "ಹಾಗಾದರೆ ಅದು ನಮ್ಮಲ್ಲಿ ಇದ್ದರೂ ಸಿಕ್ಕುವುದಿಲ್ಲ" ಎಂದರು. ಈ ಮಾತನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅವರು ತಪ್ಪು ಹೇಳಲಿಲ್ಲ. ಅವರ ಪಟ್ಟಿ ಕೇಳುವುದೇ ಆ ಮೂರು ಪ್ರಶ್ನೆಗಳನ್ನು. ಹಾಡಿನ ಪುಸ್ತಕಕ್ಕೆ ಉತ್ತರವಿರುವುದು ಬೇರೆಯೇ ಪ್ರಶ್ನೆಗಳಿಗೆ: ಇದನ್ನು ಯಾವಾಗ ಹಾಡುತ್ತಾರೆ? ಯಾವ ಮಟ್ಟಿನಲ್ಲಿ ಹಾಡುತ್ತಾರೆ? ಯಾರಿಂದ ಕಲಿತರು?

ವಿಚಿತ್ರವೆಂದರೆ ಈ ಸಣ್ಣ ಪುಸ್ತಕಗಳನ್ನು ಒಂದು ಕಾಲದಲ್ಲಿ ಲೆಕ್ಕವಿಟ್ಟದ್ದು ಸಾಹಿತ್ಯಪ್ರೇಮಿಗಳಲ್ಲ, ಸರ್ಕಾರ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಮೂರು ತಿಂಗಳಿಗೊಮ್ಮೆ ಪಟ್ಟಿ ಹೊರಡುತ್ತಿತ್ತು. ಹೆಸರು, ಭಾಷೆ, ವಿಷಯ, ಅಚ್ಚಾದ ಊರು, ಮುದ್ರಕ, ಪುಟಗಳು, ಎಷ್ಟು ಪ್ರತಿ, ಏನು ಬೆಲೆ, ಕಲ್ಲಚ್ಚೋ ಮೊಳೆಯಚ್ಚೋ ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ಪ್ರಜೆಗಳು ಏನು ಓದುತ್ತಿದ್ದಾರೆಂದು ಕಣ್ಣಿಡುವ ಉದ್ದೇಶವೂ ಅದರ ಹಿಂದೆ ಇತ್ತು. ಕಣ್ಣಿಡುವವನಿಗೆ ಮೇಲುಕೀಳಿಲ್ಲ, ಮಹಾಕಾವ್ಯವೂ ಒಂದು ಸಾಲು, ಎರಡಾಣೆ ಪದದ ಪುಸ್ತಕವೂ ಒಂದು ಸಾಲು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಕನ್ನಡ, ಬಡಗ, ಕೊಡವ ಪುಸ್ತಕಗಳ ಪಟ್ಟಿಯನ್ನು ಎಲ್.ಡಿ. ಬಾರ್ನೆಟ್ 1910ರಲ್ಲಿ ಹೊರತಂದರು. ನಮ್ಮ ಊರಿನ ಕಾಗದವನ್ನು ಹುಡುಕಲು ಸಮುದ್ರ ದಾಟಬೇಕಾದ ಸ್ಥಿತಿ ಹೀಗೆ ಬಂತು.

ಸ್ವತಂತ್ರ ಭಾರತದಲ್ಲಿ 1954ರ ಕಾಯಿದೆ ಬಂದು, ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕೆಂದಾಯಿತು. ಆದರೆ ಜಾತ್ರೆಯಲ್ಲಿ ಮಾರಲು ಹದಿನಾರು ಪುಟ ಅಚ್ಚು ಹಾಕಿಸುವ ಅಂಗಡಿಯವನು ಅಂಚೆ ಹಚ್ಚಿ ಕಲ್ಕತ್ತೆಗೆ ಕಳಿಸುತ್ತಾನೆಂದು ಯಾರು ನಂಬುತ್ತಾರೆ? 1867ರ ಕಾಯಿದೆಯ ಜಾಗದಲ್ಲಿ 2024ರ ಮಾರ್ಚಿಯಿಂದ ಹೊಸ ಕಾಯಿದೆ ಜಾರಿಗೆ ಬಂದಿದೆ. ಅದು ನಿಯತಕಾಲಿಕೆಗಳಿಗೆ ಮಾತ್ರ, ಪುಸ್ತಕದ ಮಾತೇ ಅದರಲ್ಲಿಲ್ಲ. ಕಣ್ಣಿಡುವ ಕಾಟ ಹೋಯಿತೆಂದು ಸಂತೋಷಪಡೋಣ. ಆದರೆ ಸಣ್ಣದನ್ನೂ ದೊಡ್ಡದನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಿದ್ದ ಆ ಅಭ್ಯಾಸವನ್ನು ಪ್ರೀತಿಯಿಂದ ಮುಂದುವರಿಸುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಈ ತಾತ್ಸಾರ ನಮ್ಮದೊಂದೇ ನಾಡಿನದಲ್ಲ. ಇಂಗ್ಲೆಂಡಿನ ಬೀದಿಗಳಲ್ಲಿ ಹದಿನಾರನೆಯ ಶತಮಾನದಿಂದಲೇ ಒಂದು ಪೆನ್ನಿಗೋ ಅರ್ಧ ಪೆನ್ನಿಗೋ ಹಾಡಿನ ಹಾಳೆ ಮಾರುತ್ತಿದ್ದರು. ಒಂದು ಬದಿಗೆ ಮಾತ್ರ ಅಚ್ಚು, ಮೇಲೆ ಒಂದು ಮರದಚ್ಚಿನ ಚಿತ್ರ, 'ಇಂಥ ಹಾಡಿನ ಧಾಟಿ' ಎಂಬ ಸೂಚನೆ. ಸ್ವರಲಿಪಿ ಹೆಚ್ಚಾಗಿ ಇರುತ್ತಿರಲಿಲ್ಲ. ಧಾಟಿ ಕೊಳ್ಳುವವರಿಗೆ ಗೊತ್ತೇ ಇರುತ್ತಿತ್ತು. ನಮ್ಮ ಹಾಡಿನ ಪುಸ್ತಕಗಳಲ್ಲೂ ಹಾಡಿನ ತಲೆಯ ಮೇಲೆ ಬರುವುದು ಇದೇ ಸೂಚನೆಯಲ್ಲವೆ? ದಿನಚರಿ ಬರೆದು ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ ಇಂಥ 1,800ಕ್ಕೂ ಹೆಚ್ಚು ಹಾಳೆಗಳನ್ನು ಐದು ಸಂಪುಟಗಳಲ್ಲಿ ಅಂಟಿಸಿಟ್ಟ. ಅವು ಇಂದಿಗೂ ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿನಲ್ಲಿವೆ. ಆತ ಅವುಗಳನ್ನು ಬರೆದವರ ಹೆಸರಿನಿಂದ ಜೋಡಿಸಲಿಲ್ಲ. ಭಕ್ತಿ, ಚರಿತ್ರೆ, ದುರಂತ, ಸುಖದ ಪ್ರೇಮ, ದುಃಖದ ಪ್ರೇಮ, ದಾಂಪತ್ಯ, ಕಡಲು, ಕುಡಿತ ಎಂದು ವಿಷಯದಿಂದ ಜೋಡಿಸಿದ. ಹಾಡುವವರು ಹುಡುಕುವುದೂ ಹಾಗೆಯೇ. ನಮ್ಮ ಅತ್ತೆಯವರು "ಆ ಸೋಬಾನೆ ಪುಸ್ತಕ ಕೊಡು" ಎನ್ನುತ್ತಾರೆಯೇ ಹೊರತು ಇಂಥವರು ಬರೆದ ಪುಸ್ತಕ ಕೊಡು ಎನ್ನುವುದಿಲ್ಲ.

ಬಿಷಪ್ ಪರ್ಸಿಯ ಕತೆ ಇನ್ನೂ ಸ್ವಾರಸ್ಯದ್ದು. ಹದಿನೇಳನೆಯ ಶತಮಾನದ ಒಂದು ಹಾಡಿನ ಕೈಬರಹದ ಪುಸ್ತಕ ಅವನಿಗೆ ಸ್ನೇಹಿತನ ಮನೆಯಲ್ಲಿ ನೆಲದ ಮೇಲೆ ಬಿದ್ದಿದ್ದಾಗ ಸಿಕ್ಕಿತಂತೆ. ಮನೆಯ ಕೆಲಸದ ಹುಡುಗಿಯರು ಅದರ ಹಾಳೆ ಹರಿದು ಒಲೆ ಹೊತ್ತಿಸುತ್ತಿದ್ದರಂತೆ. 1765ರಲ್ಲಿ ಅವನು ಪ್ರಕಟಿಸಿದ ಸಂಕಲನ ಇಂಗ್ಲಿಷ್ ಕಾವ್ಯದ ದಿಕ್ಕನ್ನೇ ಬದಲಿಸಿತೆಂದು ವಿಮರ್ಶಕರು ಹೇಳುತ್ತಾರೆ. ಈ ಕತೆಯನ್ನು ಹೇಳುವವರೆಲ್ಲ ಆ ಹುಡುಗಿಯರ ಅಜ್ಞಾನಕ್ಕೆ ನಗುತ್ತಾರೆ. ನನಗೆ ಬೇರೆ ಯೋಚನೆ ಬರುತ್ತದೆ. ಆ ಹುಡುಗಿಯರಿಗೆ ಹಾಡು ಬರುತ್ತಿರಲಿಲ್ಲವೆ? ಒಲೆ ಹೊತ್ತಿಸುತ್ತಲೇ ಅವರೂ ಏನನ್ನೋ ಗುನುಗುತ್ತಿದ್ದಿರಬೇಕು. ಕಾಗದವನ್ನು ಕಾಪಾಡಿದ ಬಿಷಪ್ಪನಿಗೆ ಅವರನ್ನು ಕೇಳಬೇಕೆಂದು ತೋಚಿದಂತೆ ಕಾಣುವುದಿಲ್ಲ.

ಕೇಳಿದವರಿಗೆ ಸಿಕ್ಕ ಉತ್ತರವೂ ಸುಖದ್ದಾಗಿರಲಿಲ್ಲ. ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್ 1802ರಲ್ಲಿ ಗಡಿನಾಡಿನ ಹಾಡುಗಳನ್ನು ಅಚ್ಚು ಹಾಕಿಸಿದಾಗ, ಕವಿ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಲೇಡ್ಲಾ ಅವನನ್ನು ಮುಖಾಮುಖಿ ತರಾಟೆಗೆ ತೆಗೆದುಕೊಂಡಳೆಂದು ಮಗ ಬರೆದಿಟ್ಟಿದ್ದಾನೆ. ಅವು ಹಾಡಲಿಕ್ಕೆ ಇದ್ದವೇ ಹೊರತು ಓದಲಿಕ್ಕಲ್ಲ, ನೀನು ಅಚ್ಚು ಹಾಕಿಸಿ ಕೆಡಿಸಿದೆ, ಇನ್ನು ಅವನ್ನು ಯಾರೂ ಹಾಡುವುದಿಲ್ಲ ಎಂಬುದು ಆಕೆಯ ಆಕ್ಷೇಪ. ಈ ಮಾತು ಎಲ್ಲ ಸಂಗ್ರಾಹಕರಿಗೂ ಬಹಳ ಇಷ್ಟ. ಅಚ್ಚು ಹಾಡನ್ನು ಕೊಲ್ಲುತ್ತದೆ ಎಂಬ ಸಿದ್ಧಾಂತಕ್ಕೆ ಇದೇ ಆಧಾರ. ಆದರೆ ನಮ್ಮ ಮನೆಗಳ ಅನುಭವ ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ನಮ್ಮಲ್ಲಿ ಪುಸ್ತಕವಿದ್ದುದರಿಂದ ಹಾಡು ನಿಲ್ಲಲಿಲ್ಲ. ವರ್ಗಾವಣೆಯ ಸಂಸಾರ ಕಟ್ಟಿಕೊಂಡು ಊರಿಂದೂರಿಗೆ ಹೋದ ಹೆಂಗಸರಿಗೆ, ತಾಯಿ ಅತ್ತೆ ಯಾರೂ ಹತ್ತಿರವಿಲ್ಲದ ಕ್ವಾರ್ಟರ್ಸಿನಲ್ಲಿ, ಗೌರಿಹಬ್ಬದ ದಿನ ಹಾಡು ಬಂದದ್ದು ಪುಸ್ತಕದಿಂದಲೇ. ಸ್ಕಾಟಿನ ಪುಸ್ತಕ ಓದುವವರ ಪಡಸಾಲೆಗೆ ಹೋಯಿತು. ನಮ್ಮದು ಹಾಡುವವರ ಮಡಿಲಿಗೇ ಬಂತು. ಅಚ್ಚು ಯಾರ ಕೈ ಸೇರುತ್ತದೆ ಎನ್ನುವುದರ ಮೇಲೆ ಅದು ಕೊಲ್ಲುತ್ತದೆಯೋ ಕಾಯುತ್ತದೆಯೋ ಎನ್ನುವುದು ನಿಂತಿದೆ.

ಈ ಕ್ಷೇತ್ರದ ಅತಿ ದೊಡ್ಡ ಹೆಸರು ಹಾರ್ವರ್ಡಿನ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್. 1882ರಿಂದ 1898ರವರೆಗೆ ಆತ ಹೊರತಂದ ಸಂಪುಟಗಳಲ್ಲಿ 305 ಲಾವಣಿಗಳಿವೆ. ಇವತ್ತಿಗೂ ಅವನ್ನು ಆತ ಕೊಟ್ಟ ಸಂಖ್ಯೆಯಿಂದಲೇ ಕರೆಯುತ್ತಾರೆ. ಆ ಮಹಾಶಯನಿಗೆ ಬೀದಿಯ ಹಾಡಿನ ಹಾಳೆಗಳೆಂದರೆ ಅಸಹ್ಯ. ಅವನ್ನು ತಿಪ್ಪೆಗೆ ಹೋಲಿಸಿದ್ದ. ಅದರಲ್ಲೂ ಅಲ್ಲೊಂದು ಇಲ್ಲೊಂದು ಹರಳು ಸಿಕ್ಕುತ್ತದೆಂದು ಹುಡುಕಿದ್ದೂ ಅವನೇ. ಅವನಿಗೆ ಬೇಕಾದದ್ದು ಅಚ್ಚು ತಾಗದ, ಪಟ್ಟಣದ ಗಾಳಿ ಸೋಕದ ಹಾಡು. ಆದರೆ ಅವನು ಬಹಳವಾಗಿ ಮೆಚ್ಚಿದ ಪಾಠಗಳು ಬಂದದ್ದು ಯಾರಿಂದ? ಫಾಕ್‌ಲ್ಯಾಂಡಿನ ಮಿಸೆಸ್ ಬ್ರೌನ್ ಎಂದು ಪ್ರಸಿದ್ಧಳಾದ ಆನಾ ಗಾರ್ಡನ್‌ಳಿಂದ. ಆಕೆ ಅಬರ್ಡೀನಿನ ಪ್ರಾಧ್ಯಾಪಕರೊಬ್ಬರ ಮಗಳು, ಪಾದ್ರಿಯೊಬ್ಬರ ಹೆಂಡತಿ, ಓದುಬರಹ ಚೆನ್ನಾಗಿ ಬಲ್ಲವಳು. ತಾಯಿ, ಚಿಕ್ಕಮ್ಮ, ಮನೆಯ ಹಳೆಯ ಕೆಲಸದಾಕೆಯಿಂದ ಹಾಡು ಕಲಿತವಳು. ಓದುಬಲ್ಲ ಊರಿನ ಹೆಂಗಸಿನ ಬಾಯಲ್ಲಿ ಹಾಡು ಬದುಕಿತ್ತು. ಪಂಡಿತ ಮಾತ್ರ ಹಳ್ಳಿಯ ಕಡೆ ನೋಡುತ್ತಿದ್ದ.

ನಮ್ಮ ಸಂಗ್ರಹದ ಚರಿತ್ರೆಯನ್ನೂ ಇದೇ ಕಣ್ಣಿನಿಂದ ಒಮ್ಮೆ ನೋಡಬೇಕು. ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಹಾಡುಗಳ ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡದವನ್ನೂ ಸೇರಿಸಿದರು. ಶಾಸನಗಳ ವಿದ್ವಾಂಸ ಫ್ಲೀಟ್ 1885ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೇ ಮೊದಲಾದವನ್ನು ಪ್ರಕಟಿಸಿದರು. ಆಮೇಲೆ ನಮ್ಮವರೇ ಎದ್ದರು. ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿ, ಅರ್ಚಕ ಬಿ. ರಂಗಸ್ವಾಮಿಯವರ 'ಹುಟ್ಟಿದ ಹಳ್ಳಿ ಹಳ್ಳಿಯ ಹಾಡು' 1933ರಲ್ಲಿ, ಗೊರೂರರ 'ಹಳ್ಳಿಯ ಹಾಡುಗಳು' 1938ರಲ್ಲಿ ಬಂದವು. ಬೀಸುಕಲ್ಲಿನ ಹಾಡನ್ನು ಕಾವ್ಯವೆಂದು ಕನ್ನಡದ ಪಂಡಿತರಿಂದ ಒಪ್ಪಿಸಿದ ಈ ಹಿರಿಯರ ಋಣ ಸಣ್ಣದಲ್ಲ. 'ಗರತಿಯ ಹಾಡು' ಓದಿ ಕಣ್ಣು ತೇವವಾಗದ ಕನ್ನಡ ಹೆಣ್ಣುಮಗಳಿರಲಾರಳು.

ಆದರೂ ಒಂದು ಮಾತು ಹೇಳಬೇಕು. ಈ ಶೀರ್ಷಿಕೆಗಳನ್ನೇ ನೋಡಿ. ಹಾಡು ಹಳ್ಳಿಯದಾಗಿರಬೇಕು, ಹಾಡುವವಳು ಗರತಿಯಾಗಿರಬೇಕು. ಶೀರ್ಷಿಕೆಯಲ್ಲಿ ಅವಳಿಗೊಂದು ಸ್ಥಾನ ಸಿಕ್ಕಿತು, ಹೆಸರು ಸಿಕ್ಕಲಿಲ್ಲ. ಗೌರವದ ಆ ಪದವೇ ಬೇಲಿಯೂ ಆಯಿತು. ಬೀಗರ ಹಾಡಿನ ತುಂಟತನ, ಹಾದರದ ಮೇಲಿನ ಚೇಷ್ಟೆ, ಸಿನಿಮಾದ ಮಟ್ಟಿಗೆ ಕಟ್ಟಿದ ಆರತಿ ಹಾಡು, ನಾಟಕದಿಂದ ಕದ್ದ ಜೋಗುಳ ಇವೆಲ್ಲ ಬೇಲಿಯಾಚೆ ಉಳಿಯುವಂಥವು. ಸಂಗ್ರಾಹಕರು ಹಳ್ಳಿಗೆ ಹೋದರು. ತಮ್ಮದೇ ಮನೆಯ ದೇವರಗೂಡಿನಲ್ಲಿದ್ದ, ತಮ್ಮ ಹೆಂಡತಿ-ತಾಯಂದಿರು ಬಳಸುತ್ತಿದ್ದ ಎರಡಾಣೆ ಪುಸ್ತಕ ಶುದ್ಧ ಜನಪದವೂ ಅಲ್ಲ, ಶಿಷ್ಟ ಸಾಹಿತ್ಯವೂ ಅಲ್ಲ ಎಂದು ಸುಮ್ಮನಾದರು. ಹೀಗೆ ಪಟ್ಟಣದ ಓದುಬಲ್ಲ ಹೆಂಗಸು ಜಾನಪದ ವಿದ್ವಾಂಸನ ಪಟ್ಟಿಯಲ್ಲೂ ಇಲ್ಲ, ಸಾಹಿತ್ಯ ಚರಿತ್ರೆಕಾರನ ಪಟ್ಟಿಯಲ್ಲೂ ಇಲ್ಲ. ಸ್ವಂತ ಹೆಸರಿನಲ್ಲಿ ಬರೆದು, 1913ರಲ್ಲೇ 'ಸತೀಹಿತೈಷಿಣಿ' ಗ್ರಂಥಮಾಲೆ ಕಟ್ಟಿ ತಾನೇ ಪ್ರಕಾಶಕಿಯಾದ ನಂಜನಗೂಡು ತಿರುಮಲಾಂಬ ಅವರನ್ನೇ ಕನ್ನಡ ದೀರ್ಘಕಾಲ ಮರೆತು, ಆಮೇಲೆ ಮಹಿಳಾ ವಿದ್ವಾಂಸರು ಹುಡುಕಿ ತೆಗೆಯಬೇಕಾಯಿತು. ಹೆಸರಿದ್ದವರ ಪಾಡೇ ಹೀಗಾದರೆ ಹೆಸರಿಲ್ಲದವರದನ್ನು ಕೇಳಬೇಕೆ?

ಈ ಪುಸ್ತಕಗಳಲ್ಲಿ ಅಚ್ಚಾದದ್ದಕ್ಕಿಂತ ಹೆಚ್ಚಿನದು ಅಚ್ಚಾಗದ್ದರಲ್ಲಿದೆ ಎನ್ನುವುದು ನನ್ನ ಅನುಭವ. ನೂರಕ್ಕೆ ಸ್ವಲ್ಪ ಹೆಚ್ಚು ಪುಸ್ತಕ, ಹಾಳೆಗಳು ನನ್ನಲ್ಲಿ ಸೇರಿವೆ. ಬಂಧುಗಳು, ನೆರೆಯವರು "ಎಸೆಯೋಕ್ಕೆ ಮನಸ್ಸು ಬರಲಿಲ್ಲ, ನೀನೇ ಇಟ್ಟುಕೋ" ಎಂದು ಕೊಟ್ಟವೇ ಹೆಚ್ಚು. ಅವುಗಳ ಅಂಚು ನೋಡಬೇಕು. ಒಂದರಲ್ಲಿ ಹಾಡಿನ ಪಕ್ಕ 'ದೊಡ್ಡಕ್ಕನ ಮದುವೆ' ಎಂದಿದೆ. ಇನ್ನೊಂದರಲ್ಲಿ ಅಚ್ಚಿನ ಮಟ್ಟಿನ ಸೂಚನೆಯನ್ನು ಹೊಡೆದು ಬೇರೊಂದು ಮಟ್ಟು ಬರೆದಿದೆ. ವರನ ಹೆಸರು ಹಾಡಬೇಕಾದ ಜಾಗದಲ್ಲಿ ಒಂದರ ಮೇಲೊಂದು ನಾಲ್ಕು ಅಳಿಯಂದಿರ ಹೆಸರು ಪೆನ್ಸಿಲಿನಲ್ಲಿವೆ. ಯಾವ ಮದುವೆ ಮೊದಲು, ಯಾವುದು ಆಮೇಲೆ ಎಂದು ಅದರಿಂದಲೇ ಹೇಳಬಹುದು. ಹಿಂಬದಿಯ ಖಾಲಿ ಹಾಳೆಯಲ್ಲಿ ಹಾಲಿನ ಲೆಕ್ಕ, ಉಪ್ಪಿನಕಾಯಿಯ ಅಳತೆ, ಅಕ್ಷರ ಕಲಿಯುವ ಮಗುವಿನ ವಕ್ರ 'ಅ ಆ'.

ನಮ್ಮ ಬಂಧುಗಳ ಪೈಕಿ ಒಬ್ಬ ಹಿರಿಯರ ಪುಸ್ತಕದಲ್ಲಿ, ಅತ್ತೆಮನೆಯಲ್ಲಿ ಹೇಗಿರಬೇಕೆಂದು ಮಗಳಿಗೆ ಬುದ್ಧಿ ಹೇಳುವ ಹಾಡೊಂದಿದೆ. ಬೈದರೂ ಹೊಡೆದರೂ ಎದುರಾಡಬೇಡ ಎಂಬ ಅರ್ಥದ ನುಡಿಗೆ ಮಾತ್ರ ನೇರವಾಗಿ ಒಂದು ಗೀಟು ಎಳೆದಿದ್ದಾರೆ. ಏನೂ ಬರೆದಿಲ್ಲ, ಬರೀ ಗೀಟು. ಹಾಡನ್ನು ಬಿಟ್ಟಿಲ್ಲ, ಆ ನುಡಿಯನ್ನಷ್ಟೇ ಬಿಟ್ಟು ಮುಂದಿನದನ್ನು ಹಾಡುತ್ತಿದ್ದರಂತೆ. ಈ ಹಾಡುಗಳೆಲ್ಲ ಹೆಣ್ಣನ್ನು ಬಗ್ಗಿಸುವ ಸಾಧನ ಎಂದು ನಮ್ಮ ಕಾಲದ ವಿಮರ್ಶೆ ಹೇಳುತ್ತದೆ. ಅಚ್ಚಾದದ್ದನ್ನಷ್ಟೇ ಓದಿದರೆ ಅದು ಬಹುಪಾಲು ನಿಜ. ಆದರೆ ಆ ಗೀಟು ಕೂಡ ವಿಮರ್ಶೆಯೇ ಅಲ್ಲವೆ? ನಾವು ಲೇಖನ ಬರೆದು ಹೇಳುವುದನ್ನು ಅವರು ಹಾಡುತ್ತಲೇ ಹೇಳಿದರು. ಪುಸ್ತಕದ ಹೆಸರು, ವರ್ಷ ಮಾತ್ರ ಬರೆದುಕೊಳ್ಳುವ ಪಟ್ಟಿಗೆ ಈ ಗೀಟು ಎಂದೂ ಕಾಣುವುದಿಲ್ಲ. ಶುಭ್ರವಾದ, ಗುರುತಿಲ್ಲದ ಪ್ರತಿಯೇ ಒಳ್ಳೆಯದೆಂದು ಹುಡುಕುವ ಸಂಗ್ರಾಹಕ ಈ ಪ್ರತಿಯನ್ನು 'ಹಾಳಾದದ್ದು' ಎಂದು ಬದಿಗೆ ಸರಿಸುತ್ತಾನೆ.

ಆದ್ದರಿಂದ ನಮ್ಮ ಪಟ್ಟಿ ಬೇರೆಯೇ ರೀತಿಯದಾಗಬೇಕು. ಇದಕ್ಕೂ ಹೊರಗೆ ಒಂದು ಮಾದರಿಯಿದೆ. ಸ್ಟೀವ್ ರೌಡ್ ಎಂಬ ಇಂಗ್ಲೆಂಡಿನ ಗ್ರಂಥಪಾಲಕರು 1970ರ ಸುಮಾರಿಗೆ ಕಾರ್ಡುಗಳಲ್ಲಿ ಒಂದು ಸೂಚಿ ಶುರುಮಾಡಿದರು. ಹೆಸರು ಏನೇ ಇರಲಿ, ಪಾಠ ಎಷ್ಟೇ ಬದಲಾಗಲಿ, ಒಂದೇ ಹಾಡಿಗೆ ಒಂದೇ ಸಂಖ್ಯೆ. ಬಾಯಿಂದ ಕೇಳಿದ್ದಕ್ಕೂ ಬೀದಿಯ ಹಾಳೆಗೂ ಅದೇ ಸಂಖ್ಯೆ. ಚೈಲ್ಡ್ 305ಕ್ಕೆ ನಿಲ್ಲಿಸಿದ್ದನ್ನು ಇವರು ಸಾವಿರಾರು ಹಾಡುಗಳಿಗೆ ಚಾಚಿದರು, ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲದೆ. ಮನೆಯಲ್ಲಿ ಕೂತು ಒಬ್ಬರೇ ಆರಂಭಿಸಬಹುದಾದ ಕೆಲಸ ಇದು ಎನ್ನುವುದನ್ನು ನಾನು ಅಲ್ಲಿಂದ ಕಲಿತೆ.

ಒಂದೊಂದು ಹಾಡಿಗೆ ಒಂದೊಂದು ಕಾರ್ಡು ಮಾಡಿ. ಅದರಲ್ಲಿ ಮೊದಲು ಬರೆಯಬೇಕಾದದ್ದು ಹಾಡಿನ ಮೊದಲ ಸಾಲು; ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ, ಮೊದಲ ಸಾಲು ಬಹುಮಟ್ಟಿಗೆ ಉಳಿಯುತ್ತದೆ. ದಾಸರ ಪದಗಳ ಪುಸ್ತಕಗಳಲ್ಲಿ ಮೊದಲ ಸಾಲಿನ ಅಕಾರಾದಿ ಕೊಡುವ ಪದ್ಧತಿ ಇದೇ ಕಾರಣಕ್ಕೆ. ಆಮೇಲೆ ಮಟ್ಟು, ಹಾಡುವ ಸಂದರ್ಭ. ಕೊನೆಯ ನುಡಿಯಲ್ಲಿ ಅಂಕಿತವಿದ್ದರೆ ಅದನ್ನು ಬರೆಯಿರಿ. ಮುಖಪುಟ ಹರಿದಿದ್ದರೂ 'ಹೆಳವನಕಟ್ಟೆ ರಂಗ' ಎಂದಿದ್ದರೆ ಗಿರಿಯಮ್ಮ, 'ಭೀಮೇಶಕೃಷ್ಣ' ಎಂದಿದ್ದರೆ ಹರಪನಹಳ್ಳಿ ಭೀಮವ್ವ. ಒಂದೇ ಪದಕ್ಕೆ ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ಅಂಕಿತ ಇರುವುದೂ ಉಂಟು. ಎರಡನ್ನೂ ಬರೆಯಿರಿ, ತೀರ್ಪು ಕೊಡಬೇಡಿ. ನಂತರ ಮುದ್ರಣಾಲಯ, ಊರು, ಬೆಲೆ. ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಎರಡು ಸಾಲು: ಯಾರ ಕೈಯಲ್ಲಿತ್ತು, ಅವರು ಏನೇನು ಗುರುತು ಮಾಡಿದ್ದಾರೆ.

ವರ್ಷ ಹಾಕಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಬೆಲೆ ಆಣೆಯಲ್ಲಿದ್ದರೆ ಅದು ಹೆಚ್ಚುಕಡಿಮೆ 1957ರ ಏಪ್ರಿಲ್‌ಗೆ ಮುಂಚಿನದು, 'ನ.ಪೈ.' ಎಂದಿದ್ದರೆ 1957ರಿಂದ 1964ರ ನಡುವಿನದು. ಬರೀ 'ಪೈಸೆ' ಎಂದಿದ್ದರೆ ಆಮೇಲಿನದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟಿನ ನಂತರದ್ದು. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್‌ಗೆ ಮುಂಚೆ ಎಂದು ಊಹಿಸಬಹುದು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಅದನ್ನು ಬೆಲೆಯ ಜೊತೆ ಸೇರಿಸಿ ನೋಡಬೇಕು. 'ಧಾತು ಸಂವತ್ಸರ' ಎಂದರೆ 1936-37 ಇರಬಹುದು, 1996-97 ಇರಬಹುದು. ಬೆಲೆ ಎರಡಾಣೆ ಎಂದಿದ್ದರೆ ಅನುಮಾನ ಮುಗಿಯಿತು. ಗೃಹಿಣಿಯ ಲೆಕ್ಕಾಚಾರದ ಬುದ್ಧಿಗೆ ಇದೇನು ದೊಡ್ಡ ಸಂಶೋಧನೆಯಲ್ಲ.

ಕಾಪಾಡುವ ವಿಷಯದಲ್ಲಿ ಒಂದೆರಡು ಮಾತು. ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ಬಿಚ್ಚಿ ತೆಗೆದು ಬಿಳಿ ನೂಲಿನಿಂದ ಹೊಲಿಯಿರಿ. ಸೆಲ್ಲೋಟೇಪು ಅಂಟಿಸಬೇಡಿ, ಕೆಲವೇ ವರ್ಷಗಳಲ್ಲಿ ಅದು ಕಂದುಗಟ್ಟಿ ಅಕ್ಷರವನ್ನು ನುಂಗುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ. ಹುಳವೆಂದು ಬಿಸಿಲಿಗೆ ಹಾಕಿದರೆ ಆ ಕಾಗದ ಹಪ್ಪಳವಾಗುತ್ತದೆ. ನೆರಳಲ್ಲಿ ಗಾಳಿಯಾಡಿಸಿ, ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮೊಬೈಲಿನಲ್ಲಿ ಪ್ರತಿ ಪುಟದ ಚಿತ್ರ ತೆಗೆಯಿರಿ, ಖಾಲಿ ಪುಟವನ್ನೂ ಬಿಡದೆ. ಮನೆಯ ಹಿರಿಯರು ಬದುಕಿದ್ದರೆ ಅದೇ ಮೊಬೈಲಿನಲ್ಲಿ ಅವರಿಂದ ಹಾಡಿಸಿಟ್ಟುಕೊಳ್ಳಿ. 'ಇಂಥದರ ಮಟ್ಟು' ಎಂದು ಪುಸ್ತಕದಲ್ಲಿದೆ. ಆ ಇಂಥದ್ದು ಯಾವುದೆಂದು ಬಲ್ಲವರು ಹೋದಮೇಲೆ ಆ ಸೂಚನೆ ಬೀಗದಕೈ ಇಲ್ಲದ ಪೆಟ್ಟಿಗೆ.

ಇದೆಲ್ಲ ಕೇಳಿ, "ಇವುಗಳಲ್ಲಿ ಕಾವ್ಯ ಎಷ್ಟಿದೆ?" ಎನ್ನುವವರಿದ್ದಾರೆ. ಬಹಳವಿಲ್ಲ ಎಂದು ಒಪ್ಪುತ್ತೇನೆ. ಪ್ರಾಸಕ್ಕೆ ಸೆಳೆದ ಪದ, ಎಲ್ಲ ವರನೂ ಶ್ರೀರಾಮ, ಎಲ್ಲ ವಧುವೂ ಸೀತೆ. ಆದರೆ ಪಟ್ಟಿ ಮಾಡುವುದು ಬೇರೆ, ಹಾರ ಹಾಕುವುದು ಬೇರೆ. ಮೊದಲು ಇರುವುದೆಲ್ಲವನ್ನೂ ಬರೆದಿಟ್ಟುಕೊಂಡರೆ ತಾನೆ ಆಮೇಲೆ ಯಾವುದು ಒಳ್ಳೆಯದೆಂದು ಮಾತಾಡುವುದು? ಆಯ್ಕೆಯನ್ನೇ ಸಂಗ್ರಹವೆಂದು ಕರೆದದ್ದರಿಂದಲೇ ನಮಗೆ ಇಷ್ಟು ನಷ್ಟವಾಗಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಪುಸ್ತಕವಿದ್ದದ್ದು ಓದುಬಲ್ಲ ಜಾತಿಗಳ ಮನೆಯಲ್ಲಿ. ಅದೇ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳಿಗೂ ಹಾಡಿತ್ತು, ಪುಸ್ತಕವಿರಲಿಲ್ಲ. ನಿಜ. ಆದ್ದರಿಂದ ಈ ಪಟ್ಟಿಯನ್ನು ಯಾರೂ 'ಕನ್ನಡ ಹೆಂಗಸರ ಹಾಡು' ಎಂದು ಕರೆಯಬಾರದು. ಇಂಥ ಊರಿನ, ಇಂಥ ಮನೆಗಳ ಹಾಡು ಎಂದೇ ಬರೆಯಬೇಕು. ಹಾಗೆಂದು ಪುಸ್ತಕ ಒಂದೇ ಜಾತಿಯ ಸ್ವತ್ತಾಗಿತ್ತೆಂದೂ ಅಲ್ಲ. ಜಾತ್ರೆಯಲ್ಲಿ ಶಿಶುನಾಳ ಶರೀಫರ ತತ್ವಪದವನ್ನೋ ಲಾವಣಿಯನ್ನೋ ಕೊಂಡವರಲ್ಲಿ ಅಕ್ಷರ ಬಾರದವರೂ ಇದ್ದರು. ಶಾಲೆಗೆ ಹೋಗುವ ಮಗನಿಂದ ಓದಿಸಿ, ಎರಡು ಸಲ ಕೇಳಿ, ಮೂರನೆಯ ಸಲ ತಾವೇ ಹಾಡುತ್ತಿದ್ದರು. ಅಂಥ ಮನೆಗಳ ಪುಸ್ತಕಗಳು ನನ್ನ ಗಂಟಿಗೆ ಬಂದಿರುವುದು ಕಡಿಮೆ. ಅವನ್ನು ಅಲ್ಲಿಯ ಹೆಣ್ಣುಮಕ್ಕಳೇ ಪಟ್ಟಿ ಮಾಡಿದರೆ ಆ ಪಟ್ಟಿಗೆ ನನ್ನದಕ್ಕಿಂತ ಹೆಚ್ಚು ಬೆಲೆ.

ದೊಡ್ಡ ಗ್ರಂಥಾಲಯಗಳು ಇದನ್ನು ಮಾಡಲಿ ಎಂದು ಕಾಯುತ್ತ ಕೂರುವುದರಲ್ಲಿ ನನಗೆ ನಂಬಿಕೆಯಿಲ್ಲ. ಅವರ ಹತ್ತಿರ ಜಾಗವಿದೆ, ಬೀರುವಿದೆ. ಆದರೆ 'ದೊಡ್ಡಕ್ಕನ ಮದುವೆ' ಎಂದರೆ ಯಾವ ಅಕ್ಕ, ಯಾವ ವರ್ಷ ಎಂದು ಹೇಳಬಲ್ಲವರು ನಮ್ಮ ಮನೆಗಳಲ್ಲಿ ಮಾತ್ರ ಇದ್ದಾರೆ. ಅವರಲ್ಲಿ ಹಲವರಿಗೆ ಈಗ ಎಂಬತ್ತು ದಾಟಿದೆ. ದೀಪಾವಳಿಗೆ ಮನೆ ತೊಳೆಯುವಾಗ ರದ್ದಿಯವನ ತಕ್ಕಡಿಗೆ ಬೀಳುವ ಆ ಗಂಟಿನ ತೂಕ ಅರ್ಧ ಕಿಲೋ ಕೂಡ ಇರುವುದಿಲ್ಲ. ಮಹಿಳಾ ಸಮಾಜಗಳಲ್ಲಿ, ಭಜನಾ ಮಂಡಳಿಗಳಲ್ಲಿ ಹತ್ತು ಜನ ಸೇರಿ ವಾರಕ್ಕೊಂದು ಮಧ್ಯಾಹ್ನ ಕೂತರೆ ಒಂದು ಊರಿನ ಪಟ್ಟಿ ಒಂದು ವರ್ಷದಲ್ಲಿ ಮುಗಿದೀತು. ಬೇಕಾದದ್ದು ಒಂದು ಕಟ್ಟು ಕಾರ್ಡು, ಒಂದು ಪೆನ್ಸಿಲು, ಮತ್ತು ಕರ್ತೃ ಯಾರೆಂದು ಕೇಳುವ ಮುಂಚೆ ಹಾಡಿದವರು ಯಾರೆಂದು ಕೇಳುವ ಅಭ್ಯಾಸ.